ಹಾಸಿಗೆ ಕಾಣದ ಶಾಟ್

ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುವ ಇದ್ರೀಸ್ ಅವರ ಮಗಳು ಕೈನಾತ್‌ಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಪಿಯುಸಿ ಮುಗಿದ ರಜೆಯಲ್ಲಿ ಜಯಪ್ರಕಾಶ್ ಅವರ ಸ್ಟುಡಿಯೋದಲ್ಲಿ ಫೋಟೋ ಪ್ರಿಂಟು ತೆಗೆದುಕೊಡುವ ಕೆಲಸಕ್ಕೆ ಸೇರಿದ್ದಳು. ಅಲ್ಲಿದ್ದ ಎಡಿಟರ್ ಹಾಸನಕ್ಕೆ ಹೋದ ಮೇಲೆ ಅವನ ಕುರ್ಚಿಯಲ್ಲಿ ಕೂತಳು. ಮದುವೆ, ನಾಮಕರಣ, ಎಸ್ಟೇಟ್ ಮಾಲೀಕರ ಷಷ್ಟಿಪೂರ್ತಿ, ಹೀಗೆ ಸುತ್ತಲ ಮನೆಗಳ ಸಂಭ್ರಮವೆಲ್ಲ ಅವಳ ಕೈ ದಾಟಿ ಹೋಗುತ್ತಿತ್ತು. ದಿನವಿಡೀ ನಡೆದ ಮದುವೆಯನ್ನು ಐದು ನಿಮಿಷಕ್ಕೆ ಇಳಿಸುವಾಗ ಏನನ್ನು ಉಳಿಸಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುಮಗಳ ಅಪ್ಪ ಕಣ್ಣೊರೆಸಿಕೊಂಡದ್ದು ಇರಬೇಕು, ಅತ್ತೆ ಮುಖ ಸಿಂಡರಿಸಿದ್ದು ಹೋಗಬೇಕು.

"ನಿನ್ನ ಕೈಗೆ ಬಿದ್ರೆ ಜಗಳದ ಮದುವೆಯೂ ಚೆಂದ ಕಾಣ್ತದೆ ಮಾರಾಯ್ತಿ" ಎಂದು ಜಯಪ್ರಕಾಶ್ ನಗುತ್ತಿದ್ದರು.

ಹಗಲು ಚಿಕ್ಕಮಗಳೂರಿನಲ್ಲಿ ಕಾಲೇಜು, ಬಸ್ಸಿಳಿದ ಮೇಲೆ ಸ್ಟುಡಿಯೋ. ಅವಳು ಓದುತ್ತಿದ್ದದ್ದು ಪತ್ರಿಕೋದ್ಯಮ. ಕೊನೆಯ ವರ್ಷ ತರಗತಿಗೆ ಒಂದು ಕೆಲಸ ಕೊಟ್ಟರು: ಗುಂಪು ಕಟ್ಟಿಕೊಂಡು, ಇಲ್ಲದ ಒಂದು ಸಿನಿಮಾಕ್ಕೆ ಟ್ರೇಲರ್ ಮಾಡಬೇಕು. ಕಾಫಿ ತೋಟದ ಮನೆಯ ಹುಡುಗ ತನ್ಮಯ್ ತಾನೇ ನಿರ್ದೇಶಕ ಎಂದು ಮುಂದೆ ಬಂದ. ಅವನ ಹತ್ತಿರ ಒಳ್ಳೆಯ ಕ್ಯಾಮೆರಾ ಇತ್ತು. ಮರಗಳ್ಳರ ಗುಟ್ಟು ತಿಳಿದ ಯುವಕನೊಬ್ಬನನ್ನು ಅವರು ಕಾಡುಗುಡ್ಡಗಳಲ್ಲಿ ಅಟ್ಟಿಸಿಕೊಂಡು ಹೋಗುವ ಕಥೆಯೂ ಇತ್ತು. ಕೇಳಿದವರಿಗೆಲ್ಲ ಅವನು ಆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದ.

"ಇಷ್ಟೆಲ್ಲ ಎರಡು ನಿಮಿಷದಲ್ಲಿ ಎಲ್ಲಿ ತುರುಕ್ತೀಯ?" ಎಂದು ಕೈನಾತ್ ಕ್ಯಾಂಟೀನಿನಲ್ಲಿ ಕೇಳಿದಳು. "ಟ್ರೇಲರ್‌ನಲ್ಲಿ ಕಥೆ ಹೇಳ್ಬಾರ್ದು. ಕಥೆ ಇದೆ ಅಂತ ನಂಬಿಸ್ಬೇಕು ಅಷ್ಟೆ."

ಅಂದಿನಿಂದ ಯೋಜನೆಯೆಲ್ಲ ಅವಳದ್ದಾಯಿತು. ಮೊದಲು ಸದ್ದಿಲ್ಲದ ತೋಟ, ಕಾಫಿ ಒಣಹಾಕಿದ ಕಣದಲ್ಲಿ ಒಂಟಿ ಹುಡುಗ. ಆಮೇಲೆ ಜೀಪಿನ ದೀಪ, ಬಾಗಿಲು ಬಡಿಯುವ ಸದ್ದು. ಆಮೇಲೆ ಓಟ. ಓಟದ ತುದಿಯಲ್ಲಿ ಅವನು ಗುಡ್ಡದ ಅಂಚಿನಿಂದ ಹಾರುತ್ತಾನೆ, ಪರದೆ ಕಪ್ಪಾಗುತ್ತದೆ, ಹೆಸರು ಬರುತ್ತದೆ. ಹಾರಿದವನು ಬದುಕಿದನೇ ಎಂದು ನೋಡಿದವರು ಕೇಳಬೇಕು. ಎಲ್ಲರೂ ಒಪ್ಪಿದರು.

ಓಡುವ ಪಾತ್ರ ಶ್ರೀಹರಿಯದ್ದು. ಕಳಸದ ಹುಡುಗ, ಹಾಸ್ಟೆಲಿನಲ್ಲಿದ್ದ. ಅಪ್ಪ ಜನಾರ್ದನ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ರಜಾದಿನಗಳಲ್ಲಿ ಸುತ್ತಲಿನ ಮನೆಗಳಿಗೆ ಪೂಜೆಗೂ ಹೋಗುತ್ತಿದ್ದರು. ಶ್ರೀಹರಿ ಕಾಲೇಜಿನ ಓಟಗಾರ. ಸಣಕಲು, ವಾಚಾಳಿ. ಮೊದಲ ದಿನದ ಚಿತ್ರೀಕರಣದ ತುಣುಕುಗಳನ್ನು ಕೈನಾತ್ ಜೋಡಿಸಿದಾಗ ಸ್ಟುಡಿಯೋಕ್ಕೇ ಬಂದು ಪಕ್ಕದಲ್ಲಿ ಕೂತು ನೋಡಿದ್ದ.

"ನಾನು ಇಷ್ಟು ಜೋರಾಗಿ ಓಡಿದ್ನಾ?"

"ನೀನು ಎಲ್ಲಿ ಓಡ್ದೆ, ನಾನು ಓಡ್ಸಿದ್ದು" ಎಂದಿದ್ದಳು. ಅವನಿಗೆ ಆ ಮಾತು ಬಹಳ ಹಿಡಿಸಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಕೊನೆಯ ಜಿಗಿತವನ್ನು ಮೂಡಿಗೆರೆ ಹತ್ತಿರದ ದೇವರಮನೆ ಗುಡ್ಡದಲ್ಲಿ ತೆಗೆಯಬೇಕೆಂದು ನಿಶ್ಚಯವಾಯಿತು. ಜೀಪನ್ನು ಇದ್ರೀಸ್ ಕೊಟ್ಟರು. ಕೀ ಕೈಗಿಡುವಾಗ "ದೊಡ್ಡೋರು ಯಾರು ಬರ್ತಾರೆ ಜೊತೆಗೆ?" ಎಂದು ಕೇಳಿದರು.

"ನಾವೇ ಇದೀವಲ್ಲ ಅಂಕಲ್" ಎಂದ ತನ್ಮಯ್.

ಮುಂಗಾರಿಗೆ ಮುಂಚಿನ ಮಳೆ ಆಗಲೇ ಒಂದೆರಡು ಸಲ ಬಿದ್ದಿತ್ತು. ಬೆಳಗಿನ ಮಂಜು ಕರಗಿದ ಮೇಲೆ ದೇವಸ್ಥಾನ ದಾಟಿ, ಪ್ರವಾಸಿಗರು ಬರದ ಒಂದು ಕಡೆ ಅವರು ಜಾಗ ಆರಿಸಿಕೊಂಡರು. ಅಲ್ಲೊಂದು ಬಂಡೆ. ಅದರ ಕೆಳಗೆ, ಆಳೆತ್ತರಕ್ಕೂ ಕಡಿಮೆ ಆಳದಲ್ಲಿ, ಹುಲ್ಲು ಬೆಳೆದ ಅಗಲವಾದ ಮೆಟ್ಟಿಲಿನಂಥ ಜಾಗ. ಅದರಾಚೆ ಕಣಿವೆ. ಕ್ಯಾಮೆರಾ ತಗ್ಗಿಸಿ ಇಟ್ಟರೆ ನಡುವಿನ ಮೆಟ್ಟಿಲು ಕಾಣುವುದಿಲ್ಲ. ಹುಡುಗ ನೇರವಾಗಿ ಕಣಿವೆಗೇ ಹಾರಿದಂತೆ ಕಾಣುತ್ತದೆ. ಹಾಸ್ಟೆಲಿನಿಂದ ತಂದಿದ್ದ ಹತ್ತಿಯ ಹಾಸಿಗೆಯನ್ನು ಆ ಹುಲ್ಲಿನ ಮೇಲೆ ಹಾಸಿದರು.

ಮೊದಲ ಸಲ ಶ್ರೀಹರಿ ಚೆನ್ನಾಗಿಯೇ ಹಾರಿದ. ಎರಡನೆಯ ಸಲ ಇನ್ನೂ ಚೆನ್ನಾಗಿ. ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕ್ಯಾಮೆರಾ ತೆಗೆದದ್ದೆಲ್ಲ ಆಗಲೇ ಅದರೊಳಗೂ ಉಳಿಯುವಂತೆ ಜೋಡಿಸಿಕೊಂಡು ನೋಡಿದ ಕೈನಾತ್, "ಹಾಸಿಗೆ ಕಾಣ್ತಿದೆ. ಎಡಗಡೆ ಮೂಲೇಲಿ ನೀಲಿ ಗೆರೆ" ಎಂದಳು.

"ಎಡಿಟಿಂಗಲ್ಲಿ ಅಳಿಸೋಕೆ ಆಗಲ್ವಾ?" ತನ್ಮಯ್ ಕೇಳಿದ.

"ಇಲ್ಲಪ್ಪ, ಕ್ಯಾಮೆರಾ ಅಲ್ಲಾಡಿದೆ. ಅದು ಆಗೋ ಕೆಲ್ಸ ಅಲ್ಲ. ಇನ್ನೊಂದ್ಸಲ ತೆಗೀರಿ."

"ಅಷ್ಟೇ ಅಲ್ವಾ, ಇರಿ" ಎಂದು ಶ್ರೀಹರಿ ಕೆಳಗಿಳಿದು ಕಾಲಿನಿಂದಲೇ ಹಾಸಿಗೆಯನ್ನು ಆಚೆಗೆ ನೂಕಿದ. "ಈಗ?" ಎಂದು ಕೂಗಿದ. ಈಗ ಕಾಣುತ್ತಿರಲಿಲ್ಲ.

ಮೂರನೆಯ ಸಲ ಅವನ ಕಾಲು ಹಾಸಿಗೆಯ ಅಂಚಿನ ಮೇಲೆ ಬಿತ್ತು. ಹಾಸಿಗೆ ಒದ್ದೆ ಹುಲ್ಲಿನ ಮೇಲೆ ಜಾರಿತು. ಹಾಸಿಗೆಯೂ ಅವನೂ ಒಟ್ಟಿಗೆ ಹೋದರು. ಹಿಂದಿನಿಂದ ಅಟ್ಟಿಸಿಕೊಂಡು ಬರುವ ಪಾತ್ರದ ಹುಡುಗ ಬಂಡೆಯ ಮೇಲೆ ನಿಂತು ತನ್ನ ಪಾಲಿನ ಸಂಭಾಷಣೆಯನ್ನು ಹೇಳಿಯೂ ಬಿಟ್ಟ. ಆಮೇಲೆ ಕೆಳಗೆ ನೋಡಿದ.

ಹತ್ತಿರದ ಊರಿನವರು ಹಗ್ಗ ಹಿಡಿದು ಬಂದು ಇಳಿದರು. ಅವರು ಮೇಲೆ ತರುವಷ್ಟರಲ್ಲಿ ಶ್ರೀಹರಿಯ ಮೈ ತಣ್ಣಗಾಗಿತ್ತು. ಇದ್ರೀಸ್ ಅವರ ಜೀಪಿನಲ್ಲೇ ಅವನನ್ನು ಮೂಡಿಗೆರೆಗೆ ತಂದರು. ಹಿಂದಿನ ಸೀಟಿನಲ್ಲಿ ಕೂತ ಕೈನಾತ್ ಅವನ ಒಂದು ಶೂ ಹಿಡಿದುಕೊಂಡಿದ್ದಳು. ಇನ್ನೊಂದು ಸಿಕ್ಕಿರಲಿಲ್ಲ.

ಮಾರನೆಯ ದಿನ ಪತ್ರಿಕೆಯೊಂದು 'ಸೆಲ್ಫಿ ಹುಚ್ಚಿಗೆ ವಿದ್ಯಾರ್ಥಿ ಬಲಿ' ಎಂದು ಬರೆಯಿತು. ಕುಡಿದಿದ್ದರು ಎಂದು ವಾಟ್ಸಾಪ್ ಗುಂಪುಗಳಲ್ಲಿ ಹರಡಿತು. ಹುಡುಗರೊಂದಿಗೆ ಗುಡ್ಡಕ್ಕೆ ಹೋಗಿದ್ದ ಹುಡುಗಿ ಯಾರ ಮನೆಯವಳು ಎಂದೂ ಕೆಲವರು ಕೇಳಿದರು. ಮಗನನ್ನು ಅಪಾಯದ ಜಾಗಕ್ಕೆ ಕರೆದೊಯ್ದು ಹಾರಿಸಿದ ಎಂದು ಜನಾರ್ದನ ಮೇಷ್ಟ್ರು ತನ್ಮಯನ ಮೇಲೆ ದೂರು ಕೊಟ್ಟರು. ಪೊಲೀಸರು ಕ್ಯಾಮೆರಾ ತೆಗೆದುಕೊಂಡು ಹೋದರು. ಲ್ಯಾಪ್‌ಟಾಪಿನಲ್ಲಿದ್ದುದನ್ನು ನಕಲು ಮಾಡಿಕೊಂಡು ಅದನ್ನು ಹಿಂದಿರುಗಿಸಿದರು. ಯೂಟ್ಯೂಬ್ ಚಾನೆಲ್ಲಿನವನೊಬ್ಬ ಆ ಕೊನೆಯ ತುಣುಕು ಬೇಕು ಎಂದು ಮೇಲಿಂದ ಮೇಲೆ ಫೋನ್ ಮಾಡಿದ. ಕೈನಾತ್ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು. ಅವಳ ಅಮ್ಮ ಅಖ್ತರ್ ಬಾನು ತಟ್ಟೆ ತಂದಿಟ್ಟು, ಮುಟ್ಟದೇ ಇದ್ದ ತಟ್ಟೆಯನ್ನು ಮತ್ತೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು.

ಅವಳನ್ನು ಸ್ಟುಡಿಯೋಕ್ಕೆ ಮತ್ತೆ ಕರೆತಂದದ್ದು ಜಯಪ್ರಕಾಶ್. "ಮನೇಲಿ ಕೂತ್ರೆ ತಲೆ ಕೆಡ್ತದೆ. ಬಂದು ಏನಾದ್ರೂ ಮಾಡು" ಎಂದರು. ಹಾಗೆ ಬಂದ ವಾರದಲ್ಲೇ ಒಂದು ಬೆಳಗ್ಗೆ, ಛತ್ರಿ ಮಡಚುತ್ತ ಜನಾರ್ದನ ಮೇಷ್ಟ್ರು ಒಳಗೆ ಬಂದರು. ಹೆಸರು ಹೇಳುವ ಮೊದಲೇ ಅವಳಿಗೆ ಗುರುತು ಸಿಕ್ಕಿತು. ಮಗನ ಕಣ್ಣು ಅವರದೇ.

"ವಿಡಿಯೋ ನಿನ್ನ ಹತ್ರ ಇದೆ ಅಂದ್ರು. ನಂಗೆ ಪೂರ್ತಿ ನೋಡ್ಬೇಕು."

"ಬೇಡ ಮೇಷ್ಟ್ರೇ."

"ಪೇಪರಿನೋರು ಸೆಲ್ಫಿ ಅಂತಾರೆ. ನಮ್ಮೂರಲ್ಲಿ ಕುಡಿದಿದ್ದ ಅಂತಾರೆ. ಅವ್ನು ಅಲ್ಲಿ ಎಂತ ಮಾಡ್ತಾ ಇದ್ದ ಅಂತ ಒಬ್ರೂ ಹೇಳೂದಿಲ್ಲ. ನೋಡದೇ ಇದ್ರೂ ನಾನು ದಿನಾ ನೋಡ್ತಾನೇ ಇದೇನೆ, ಒಂದೊಂದು ದಿನ ಒಂದೊಂದು ತರ."

ಕೈನಾತ್ ಕುರ್ಚಿ ಎಳೆದು ಕೊಟ್ಟಳು. ಆ ಬೆಳಗಿನದೆಲ್ಲವನ್ನೂ ಅನುಕ್ರಮವಾಗಿ ಹಾಕಿದಳು. ಶ್ರೀಹರಿ ಬನ್ಸ್ ತಿನ್ನುತ್ತ ಕ್ಯಾಮೆರಾಕ್ಕೆ ನಾಲಿಗೆ ಚಾಚಿದ. ಶೂ ಲೇಸ್ ಕಟ್ಟಿಕೊಂಡ. ಮೊದಲ ಸಲ ಹಾರಿದ. ಎರಡನೇ ಸಲ ಹಾರಿ ಎದ್ದುಬಂದು "ಹೆಂಗಿತ್ತು?" ಎಂದ. ಹಾಸಿಗೆ ಕಾಣ್ತಿದೆ ಎಂಬ ಹೆಣ್ಣುಧ್ವನಿ ಕೇಳಿತು. ಅಳಿಸೋಕೆ ಆಗಲ್ವಾ ಎಂಬ ಪ್ರಶ್ನೆ, ಅದಕ್ಕೆ ಬಂದ ಉತ್ತರ. ಶ್ರೀಹರಿ ಹಾಸಿಗೆಯನ್ನು ನೂಕಿದ. ಅವಳು ಅಲ್ಲಿಗೆ ನಿಲ್ಲಿಸಿದಳು.

"ಸಾಕು ಮೇಷ್ಟ್ರೇ."

"ಹಾಕು."

ಹಾಕಿದಳು. ತಾನು ನೋಡಲಿಲ್ಲ. ಸದ್ದು ಮುಗಿದ ಮೇಲೆ ಮೇಷ್ಟ್ರು ಮೊಣಕಾಲಿನ ಮೇಲೆ ಕೈಯೂರಿ ಕೇಳಿದರು.

"ಆ ಹೆಣ್ಣಿನ ಧ್ವನಿ ಯಾರದ್ದು?"

"ನನ್ದು."

"ಅಳಿಸೋಕೆ ಆಗ್ತಿತ್ತಾ?"

"ಆಗ್ತಿತ್ತು. ಕಷ್ಟದ ಕೆಲ್ಸ, ಆದ್ರೆ ಆಗ್ತಿತ್ತು. ನಂಗೆ ಬೇಜಾರು ಅಂತ ಆಗಲ್ಲ ಅಂದ್ಬಿಟ್ಟೆ."

ಮೇಷ್ಟ್ರು ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತರು. ಜಯಪ್ರಕಾಶ್ ನೀರು ತಂದುಕೊಟ್ಟರೆ ಲೋಟ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ. ಅವರು ಹಾಗೆಯೇ ಹೊರಟುಹೋಗುತ್ತಾರೆ ಎಂದು ಕೈನಾತ್ ಅಂದುಕೊಂಡಳು. ಅವರು ತಿರುಗಿ ಬಂದರು.

"ಎಲ್ಲಾ ಆ ತೋಟದ ಹುಡುಗನೇ ಮಾಡಿಸಿದ ಅಂತ ತಿಳ್ಕೊಂಡಿದ್ದೆ. ಹಾಸಿಗೆ ಇವ್ನೇ ನೂಕಿದಾನೆ, ನಗಾಡ್ಕೊಂಡು" ಎಂದರು. ಆಮೇಲೆ, "ಇದನ್ನ ಮುಗಿಸಿಕೊಡು. ಸಿನಿಮಾ ಯಾವಾಗ ಬರ್ತದೆ?"

"ಸಿನಿಮಾ ಇಲ್ಲ ಮೇಷ್ಟ್ರೇ. ಟ್ರೇಲರ್ ಮಾತ್ರ."

"ಹೌದಾ" ಎಂದರು. ಅದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವಳು ಮೊದಲು ಮಾಡಿದ್ದು ಟ್ರೇಲರ್ ಅಲ್ಲ. ಎರಡನೆಯ ಸಲದ ಜಿಗಿತವನ್ನು ತೆರೆದುಕೊಂಡು, ಒಂದೊಂದೇ ಫ್ರೇಮಿನಲ್ಲಿ ಹಾಸಿಗೆಯ ಮೂಲೆಯನ್ನು ಅಳಿಸಿ ಅಲ್ಲಿ ಹುಲ್ಲು ತುಂಬುತ್ತ ಹೋದಳು. ಬೆಳಗ್ಗೆ ಕೂತವಳು ಮಧ್ಯಾಹ್ನದ ಊಟದ ಹೊತ್ತಿಗೆ ಎದ್ದಳು. ನೀಲಿ ಗೆರೆ ಎಲ್ಲಿತ್ತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟೇ ಕೆಲಸ. ಹಿಂದಿನ ಕೋಣೆಗೆ ಹೋಗಿ, ಮದುವೆಗಳ ಬ್ಯಾಕ್‌ಡ್ರಾಪ್ ಬಟ್ಟೆಗಳ ನಡುವೆ ಕೂತು ಅತ್ತಳು. ಆ ಸಾವಿನ ನಂತರ ಅವಳು ಅತ್ತದ್ದು ಅದೇ ಮೊದಲು.

ಆಮೇಲೆ ತಾನು ಅಳಿಸಿದ್ದನ್ನೆಲ್ಲ ರದ್ದು ಮಾಡಿ, ಹಾಸಿಗೆ ಕಾಣುವ ಶಾಟನ್ನೇ ಟ್ರೇಲರಿಗೆ ಹಾಕಿದಳು. ಪರದೆ ಕಪ್ಪಾಗುವ ಮೊದಲು ಅವನು ಹಾಸಿಗೆಯಿಂದ ಎದ್ದು ಹುಲ್ಲು ಕೊಡವಿಕೊಳ್ಳುವುದನ್ನೂ ಉಳಿಸಿದಳು. ಥ್ರಿಲ್ಲರ್ ಟ್ರೇಲರಿನ ಲೆಕ್ಕದಲ್ಲಿ ಅದು ಪೂರ್ತಿ ತಪ್ಪು. ಹಾರಿದವನಿಗೆ ಏನಾಯಿತು ಎಂದು ಯಾರೂ ಕೇಳಬೇಕಾಗಿಲ್ಲ.

ಕಳಸಕ್ಕೆ ಹೋಗುತ್ತೇನೆ ಎಂದಾಗ ಇದ್ರೀಸ್ ತಡೆದರು. "ಬೇಟಾ, ಅವ್ರ ಮನೆ ದುಃಖದಲ್ಲಿದೆ. ನಿನ್ನ ನೋಡಿ ಯಾರಾದ್ರೂ ಏನಾದ್ರೂ ಅಂದ್ರೆ?"

"ಅನ್ಲಿ ಅಬ್ಬಾ."

ಅವರು ಗ್ಯಾರೇಜಿಗೆ ಬೀಗ ಹಾಕಿ ಜೊತೆಗೆ ಹೊರಟರು. ಕೊಟ್ಟಿಗೆಹಾರ ದಾಟಿದ ಮೇಲೆ ಬಸ್ಸು ತಿರುವುಗಳಲ್ಲಿ ಓಲಾಡಿದಾಗಲೆಲ್ಲ ಕೈನಾತ್ ಮಡಿಲಿನ ಚೀಲವನ್ನು ಒತ್ತಿ ಹಿಡಿದುಕೊಂಡಳು. ಕಳಸದಲ್ಲಿ ಇಳಿದಾಗ ಮೇಷ್ಟ್ರು ಪೇಟೆಯಲ್ಲೇ ಕಾಯುತ್ತಿದ್ದರು. ಮೇಷ್ಟ್ರ ಮನೆ ತಲುಪಿದಾಗ ಇದ್ರೀಸ್ ಹೊರಗಿನ ಜಗಲಿಯಲ್ಲೇ ಕೂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಾಗ ಶ್ರೀಹರಿಯ ತಾಯಿ ಕಾತ್ಯಾಯಿನಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. "ನಂಗೆ ಬೇಡ, ನೀವು ನೋಡಿ" ಎಂದರು ಒಳಗಿನಿಂದಲೇ. ಟ್ರೇಲರಿನ ಮೊದಲಲ್ಲಿ ಕಾಫಿ ಕಣದಲ್ಲಿ ನಿಂತ ಹುಡುಗ ಫೋನಿನಲ್ಲಿ ಯಾರಿಗೋ ಹೇಳುತ್ತಾನೆ: "ಅಮ್ಮಂಗೆ ಹೇಳು, ಊಟಕ್ಕೆ ಕಾಯೋದು ಬೇಡ." ತನ್ಮಯ್ ಬರೆದ ಸಾಲು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಾತ್ಯಾಯಿನಿ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದುಕೊಂಡು ಕೊನೆಯವರೆಗೂ ನೋಡಿದರು. ಮಗ ಎದ್ದು ಹುಲ್ಲು ಕೊಡವಿಕೊಂಡಾಗ ಅವರ ಬಾಯಿ ಏನನ್ನೋ ಹೇಳಲು ಹೊರಟಂತೆ ತೆರೆದುಕೊಂಡಿತು.

ಅಷ್ಟಕ್ಕೆ ಹೊರಡಬಹುದಿತ್ತು. ಕೈನಾತ್ ಹೊರಡಲಿಲ್ಲ. ಈ ಮನೆಯ ನೀರು ಕುಡಿದು ಹೇಳದೇ ಹೋಗಬಾರದು ಎನ್ನಿಸಿತು. "ಅಮ್ಮ, ಹಾಸಿಗೆ ಸರಿಸ್ಬೇಕು ಅಂತ ಆಗಿದ್ದು ನನ್ನಿಂದ" ಎಂದು ಶುರುಮಾಡಿ ನಡೆದದ್ದನ್ನು ಹೇಳಿದಳು. ಕಾತ್ಯಾಯಿನಿ ಗಂಡನ ಕಡೆ ನೋಡಿದರು.

"ನಿಮ್ಗೆ ಗೊತ್ತಿತ್ತಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ನೀನು ಒಂದು ಮಾತು ಆಡದೇ ಇದ್ದಿದ್ರೆ ಅವ್ನು ಇರ್ತಿದ್ದ" ಎಂದರು ಆಕೆ. ಧ್ವನಿ ಏರಲಿಲ್ಲ. "ನೀನು ಬಂದು ಹೇಳಿದ್ದು ಒಳ್ಳೇದೇ ಆಯ್ತು. ಇನ್ನು ಬರ್ಬೇಡ."

ಬಸ್ಸಿನವರೆಗೆ ಮೇಷ್ಟ್ರು ಜೊತೆಗೆ ಬಂದರು. ಅವರೂ ಇದ್ರೀಸ್ ಅವರೂ ಮಳೆಯ ಬಗ್ಗೆ, ರಸ್ತೆ ಕುಸಿದದ್ದರ ಬಗ್ಗೆ ಮಾತಾಡಿಕೊಂಡರು. ಬಸ್ಸು ಹೊರಡುವಾಗ ಮೇಷ್ಟ್ರು ಕಿಟಕಿಯ ಹತ್ತಿರ ಬಂದು, "ಅವಳು ಅಂದದ್ದನ್ನ ನಾನು ಇಲ್ಲ ಅನ್ನೂದಿಲ್ಲ. ಆದ್ರೆ ನೀನು ಕೆಲ್ಸ ಬಿಡ್ಬೇಡ ಮಗಾ" ಎಂದರು.

ಆ ತಿಂಗಳೇ ಅವರು ಪೊಲೀಸರ ಹತ್ತಿರ ಹೋಗಿ, ಹಾಸಿಗೆ ಸರಿಸಿದ್ದು ತಮ್ಮ ಮಗನೇ ಎಂದು ಹೇಳಿಕೆ ಕೊಟ್ಟರು. ಆದರೂ ಕೇಸು ಇನ್ನೂ ನಡೆಯುತ್ತಿದೆ. ತನ್ಮಯ್ ಕಾಲೇಜು ಬಿಟ್ಟು ಮಂಗಳೂರಿಗೆ ಹೋದ. ಕ್ಯಾಮೆರಾ ಮುಟ್ಟುವುದಿಲ್ಲವಂತೆ. ಟ್ರೇಲರನ್ನು ತೋರಿಸಲು ಕಾಲೇಜು ಒಪ್ಪಲಿಲ್ಲ. ಕೈನಾತ್ ಕೂಡ ಕೇಳಲು ಎರಡನೇ ಸಲ ಹೋಗಲಿಲ್ಲ. ಪರೀಕ್ಷೆಯನ್ನು ಒಂದು ವರ್ಷ ತಡವಾಗಿ ಬರೆದು ಪಾಸಾದಳು.

ಈಗಲೂ ಅವಳು ಅದೇ ಸ್ಟುಡಿಯೋದಲ್ಲಿದ್ದಾಳೆ. ಮದುವೆಗೆ ಮುಂಚಿನ ಜೋಡಿಗಳನ್ನು ಗುಡ್ಡಕ್ಕೆ ಕರೆದುಕೊಂಡು ಹೋಗುವ ಚಿತ್ರೀಕರಣವೇ ಈಗ ಹೆಚ್ಚು. ಅಂಥ ಕೆಲಸಕ್ಕೆ ಅವಳು ತಾನೂ ಹೋಗುತ್ತಾಳೆ, ಎಡಿಟರ್‌ಗೆ ಅಲ್ಲಿ ಏನು ಕೆಲಸ ಎಂದು ಹೊಸ ಕ್ಯಾಮೆರಾದವರು ಗೊಣಗಿದರೂ. ಜನಾರ್ದನ ಮೇಷ್ಟ್ರು ಹಬ್ಬಕ್ಕೋ ಮಳೆ ಜೋರಾದಾಗಲೋ ಫೋನ್ ಮಾಡುತ್ತಾರೆ. ಮನೆಯವರೆಲ್ಲ ಹೇಗಿದ್ದಾರೆ ಎಂದು ಕೇಳಿ ಇಡುತ್ತಾರೆ. ಹಿಂದೆ ಎಲ್ಲೋ ಪಾತ್ರೆಯ ಸದ್ದು ಕೇಳುತ್ತಿರುತ್ತದೆ. ಕಾತ್ಯಾಯಿನಿ ಅವಳೊಂದಿಗೆ ಮತ್ತೆ ಮಾತಾಡಿಲ್ಲ.