ಮೇಡ್ಲೇರಿ ಹಾಲಿನ ಕ್ಯಾನು

ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ ಮನೆ ತುಂಬ ಹರಡಿದೆ. ಕಿಟಕಿ ತೆಗೆದೆ, ಫ್ಯಾನ್ ಹಾಕಿದೆ, ಏನು ಮಾಡಿದರೂ ಹೋಗವಲ್ದು. ಉಕ್ಕಿಸಿದವನು ನಾನೇ. ಒಲೆಯ ಮುಂದೆ ನಿಂತದ್ದು ಖರೆ, ಕಣ್ಣು ಮಾತ್ರ ಪಡಸಾಲೆಯ ಮೇಲಿತ್ತು. ಅಲ್ಲಿ ಏನು ನಡೆದಿತ್ತು ಅನ್ನುವುದನ್ನು ಕೊನೆಗೆ ಹೇಳುತ್ತೇನೆ, ಈಗಲೇ ಹೇಳಿದರೆ ನಿಮಗೆ ಅದರಲ್ಲಿ ಏನೂ ಕಾಣಲಿಕ್ಕಿಲ್ಲ. ಕುಂದ್ರಿ, ಇಬ್ಬರಿಗೆ ಚಹಾ ಆಗುವಷ್ಟು ಹಾಲು ಉಳಿದಿದೆ.

ನಾನು ನೌಕರಿ ಮಾಡಿದ್ದು ಒಂದು ಅಣು ವಿದ್ಯುತ್ ಕೇಂದ್ರದಲ್ಲಿ. ನಮ್ಮ ರಾಣೆಬೆನ್ನೂರಿನಲ್ಲಿ ಹೀಗೆಂದರೆ ಸಾಕು, ಜನ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕೈಬೆರಳು ಎಣಿಸುತ್ತಿದ್ದರು. ಅಷ್ಟೇನೂ ದೊಡ್ಡ ಕೆಲಸ ಅಲ್ಲರಿ. ಸ್ಥಾವರದ ಒಳಗೆ ನಾನು ಕಾಲಿಟ್ಟದ್ದೇ ಕಡಿಮೆ. ಹೊರಗಿನ ಪರಿಸರವನ್ನು ಪರೀಕ್ಷಿಸಲಿಕ್ಕೆ ಅವರದೊಂದು ಪ್ರಯೋಗಾಲಯವಿತ್ತು. ಸುತ್ತಲಿನ ಹಳ್ಳಿಗಳ ಹಾಲು, ಬಾವಿ ನೀರು, ಮೀನು, ಸೊಪ್ಪು, ಮಣ್ಣು ಎಲ್ಲ ತಂದು ಅಲ್ಲಿ ಒಪ್ಪಿಸುವವನು ನಾನು. ಅದರಲ್ಲಿ ಸ್ಥಾವರದಿಂದ ಬಂದದ್ದು ಏನಾದರೂ ಸೇರಿದೆಯೇ ಅಂತ ಯಂತ್ರ ನೋಡುತ್ತಿತ್ತು, ಯಂತ್ರವನ್ನು ಮೇಡಂ ನೋಡುತ್ತಿದ್ದರು. ಮೇಡಂ ಅಂದರೆ ಪ್ರಯೋಗಾಲಯದ ಮುಖ್ಯಸ್ಥೆ, ತೆಂಕಣ ಕಡೆಯವರು, ನಕ್ಕದ್ದನ್ನು ನಾನು ಕಂಡದ್ದು ಒಂದೇ ಸಲ.

ಹತ್ತಿರದ ಹಾಲು ಹೇಗಿದೆ ಅಂತ ತಿಳಿಯಬೇಕಾದರೆ ದೂರದ ಹಾಲೂ ಬೇಕು. ಸ್ಥಾವರದ ಗಾಳಿ ಮುಟ್ಟದ ಊರಿನದು, ಪಕ್ಕದಲ್ಲಿಟ್ಟು ಹೋಲಿಸಲಿಕ್ಕೆ. ಯಾವ ಊರು ಅಂತ ಮೇಡಂ ಕೇಳಿದಾಗ ನಾನು ಮೇಡ್ಲೇರಿ ಅಂದೆ. ತುಂಗಭದ್ರಾ ದಂಡೆ, ಹಸಿರು ಮೇವು, ಎಮ್ಮೆಗಳು ಅಂತ ಬಾಯ್ತುಂಬ ವರ್ಣಿಸಿದೆ. ಖರೆ ಕಾರಣ ಬೇರೆ. ತಿಂಗಳಿಗೊಮ್ಮೆ ಸರಕಾರಿ ಖರ್ಚಿನಲ್ಲಿ ರಾಣೆಬೆನ್ನೂರಿಗೆ ಬಂದು ಆಪಾನ ಕೈಯ ರೊಟ್ಟಿ ತಿನ್ನಬಹುದಲ್ಲ! ಒಮ್ಮೆ ಅದೇ ಹುರುಪಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನೂ ಸ್ಯಾಂಪಲ್ ಅಂತ ಒಯ್ದೆ, ಅದನ್ನು ಪುಡಿ ಮಾಡುವಾಗ ಇಡೀ ಪ್ರಯೋಗಾಲಯ ಸೀನಿ ಸೀನಿ ಹೊರಗೋಡಿತ್ತು. ಮೇಡಂ ನಕ್ಕ ಒಂದು ಸಲ ಅದೇ.

ಆಪಾ ನನ್ನ ಅಕ್ಕ, ಖೈರುನ್ನಿಸಾ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಓಣಿಯ ಹುಡುಗಿಯರಿಗೆ ಕುರಾನ್ ಓದಲು ಕಲಿಸುತ್ತಿದ್ದಳು. ಸಂಜೆಯಾದರೆ ರಚ್ಚೆ ಹಿಡಿದ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುತ್ತಿದ್ದರು, ನಮ್ಮವರೂ ಬರುತ್ತಿದ್ದರು, ಲಿಂಗಾಯತರ ಓಣಿಯವರೂ ಬರುತ್ತಿದ್ದರು. ಆಪಾ ಬಾಯೊಳಗೇ ದುವಾ ಓದಿ, ಕೂಸಿನ ಮೇಲೋ ಲೋಟದ ನೀರಿನ ಮೇಲೋ ಮೂರು ಸಲ ಊದುವಳು. ಕೂಸು ಸುಮ್ಮನಾಗುತ್ತಿತ್ತು. ಅತ್ತು ಅತ್ತು ಬೇಸರವಾಗಿ ತಾವೇ ನಿಲ್ಲಿಸುತ್ತವೆ ಅಂತ ನಾನು ಚಾಷ್ಟಿ ಮಾಡಿದರೆ, "ನಿನ್ನೂ ಹಿಂಗ ಊದೇ ದೊಡ್ಡವನ್ನ ಮಾಡೀನಿ, ಬಾಬು" ಅನ್ನುವಳು.

ಆ ವರ್ಷ ಆಪಾನ ಕೊರಳಲ್ಲಿ ಗಂಟು ಬಂತು. ಥೈರಾಯ್ಡ್, ಒಳ್ಳೆಯ ಗಂಟಲ್ಲ ಅಂದರು. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಆಮೇಲೆ ದೊಡ್ಡ ಆಸ್ಪತ್ರೆಯೊಂದರಲ್ಲಿ ಬೇರೆ ಕೋಣೆಯಲ್ಲಿಟ್ಟು ಒಂದು ಮಾತ್ರೆ ನುಂಗಿಸಿದರು. ಅದು ವಿಕಿರಣದ ಅಯೋಡಿನ್. ಉಳಿದ ಬೇರನ್ನು ಒಳಗಿನಿಂದಲೇ ಸುಡುವಂಥದು. ಮೂರು ವಾರ ಮಕ್ಕಳ ಹತ್ತಿರ ಹೋಗಬ್ಯಾಡ್ರಿ, ತಾಟು, ಲೋಟ, ಹಾಸಿಗೆ ಬೇರೆ ಇರಲಿ, ಎಂಟು ದಿನಕ್ಕೊಮ್ಮೆ ಅದು ಅರ್ಧರ್ಧ ಆಗುತ್ತ ಹೋಗುತ್ತದೆ ಅಂತ ಡಾಕ್ಟರು ತಿಳಿಸಿ ಹೇಳಿದರು. ಆಪಾ ಎಲ್ಲ ಪಾಲಿಸಿದಳು. ಓಣಿಗೆ ಮಾತ್ರ ಹೇಳಲಿಲ್ಲ. ನೆಗಡಿ, ಜ್ವರ ಅಂತ ಬಾಗಿಲು ಹಾಕಿಕೊಂಡಳು. "ಗೊತ್ತಾದ್ರ ಮುಂದ ಯಾರೂ ಕೂಸಿನ್ನ ಕರಕೊಂಡು ಬರೂದಿಲ್ಲ. ನೀ ಬಾಯಿ ಬಿಟ್ಟಿ ಅಂದ್ರ ನನ್ನಾಣಿ" ಅಂದಳು. ನಾನು ಆಣೆ ಮಾಡಿದೆ.

ಅದೇ ದಿನಗಳಲ್ಲಿ ನನ್ನ ಮೇಡ್ಲೇರಿ ಸರದಿ ಬಂತು. ಹಾಲಿನ ಕ್ಯಾನನ್ನು ಪ್ರಯೋಗಾಲಯದಲ್ಲೇ ತೊಳೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತಂತಿ ಬಿಗಿದು ಕೊಡುತ್ತಿದ್ದರು. ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆಯೇ ಬಿಚ್ಚಬೇಕು. ಯಾರ ಮನೆಯೊಳಗೂ ಒಯ್ಯಬಾರದು. ತಂತಿ ಕದಲಿದ್ದರೆ ಆ ಕ್ಯಾನು ಬಿಟ್ಟು, ಇನ್ನೊಂದನ್ನು ಬಳಸಬೇಕು. ನಾನೋ ಮಹಾ ಶಾಣ್ಯಾ. ಭಾರ ಅಂತ ಇನ್ನೊಂದು ಕ್ಯಾನನ್ನು ತಂದೇ ಇರಲಿಲ್ಲ, ಇದ್ದ ಒಂದನ್ನು ನಮ್ಮ ಪಡಸಾಲೆಯಲ್ಲಿಟ್ಟು ಉಂಡು ಮಲಗಿದೆ. ಬೆಳಿಗ್ಗೆ ಜಳಕ ಮಾಡಿ ಬಂದು ನೋಡಿದರೆ ಚೀಲದ ಬಾಯಿಗೆ ತಂತಿಯ ಬದಲು ದಾರದ ಜೋಡು ಗಂಟು. ಒಳಗೆ ಕ್ಯಾನು ತುಸು ಹಸಿ. ಕಂಡೆ, ಸುಳ್ಳು ಯಾಕೆ ಹೇಳಲಿ. ಬಸ್ಸು ತಪ್ಪುತ್ತದೆ ಅಂತ ಹೆಗಲಿಗೇರಿಸಿಕೊಂಡು ನಡೆದೆ.

ಮೇಡ್ಲೇರಿಯ ನೀಲವ್ವ ಎಂದಿನಂತೆ ಕಾದಿದ್ದಳು. ಮೂರು ಎಮ್ಮೆ ಕಟ್ಟಿದ ಹೆಂಗಸು, ಅವಳ ಹಾಲು ಡೇರಿಯಲ್ಲಿ ಗಟ್ಟಿ ಅಂತ ಹೆಸರು ಪಡೆದದ್ದು. "ಬಾ ತಮ್ಮಾ, ನಮ್ಮ ಗೌರಿ ಎಮ್ಮಿ ಹಾಲು ಪರೀಕ್ಷಾದಾಗ ಪಾಸ್ ಆಗೇತೋ ಇಲ್ಲೋ?" ಅಂತ ಪ್ರತಿ ಸಲ ಕೇಳುವಳು. ಫಸ್ಟ್ ಕ್ಲಾಸ್ ಅಂತ ನಾನೂ ಪ್ರತಿ ಸಲ ಹೇಳುತ್ತಿದ್ದೆ.

ಹಾಲು ಒಪ್ಪಿಸಿದ ಎರಡನೆಯ ದಿನ ಮೇಡಂ ನನ್ನನ್ನು ಕರೆಸಿದರು. ಪರದೆಯ ಮೇಲೆ ಗೆರೆ ಸಪಾಟಾಗಿ ಬಂದು ಒಂದು ಕಡೆ ಸಣ್ಣ ಗುಡ್ಡದ ಹಾಗೆ ಎದ್ದಿತ್ತು. "ಇದು ವಿಕಿರಣದ ಅಯೋಡಿನ್. ಸ್ಥಾವರದ ಪಕ್ಕದ ಊರುಗಳ ಹಾಲಲ್ಲಿ ಇಲ್ಲ, ನಿಮ್ಮ ಮೇಡ್ಲೇರಿ ಹಾಲಲ್ಲಿದೆ. ಹೇಗೆ ಸಾಧ್ಯ? ಎಂಟು ದಿನಕ್ಕೆ ಅರ್ಧ ಆಗೋ ಪದಾರ್ಥ ಇದು, ಹಳೆಯದಂತೂ ಅಲ್ಲ. ನೀವು ಕ್ಯಾನು ತೆಗೆದಾಗ ಸೀಲ್ ಸರಿಯಾಗಿತ್ತಾ?"

ಎಂಟು ದಿನಕ್ಕೆ ಅರ್ಧ. ಅದೇ ಮಾತನ್ನು ಆಪಾನ ಡಾಕ್ಟರೂ ಹೇಳಿದ್ದರು. ಆ ಜೋಡು ಗಂಟು ಕಣ್ಣ ಮುಂದೆ ಬಂತು. ಬಾಯಿ ಮಾತ್ರ, "ಸರಿ ಇತ್ರೀ ಮೇಡಂ" ಅಂದುಬಿಟ್ಟಿತು. ನನ್ನ ನೌಕರಿಯನ್ನು ಉಳಿಸಲಿಕ್ಕೋ ಆಪಾನ ಆಣೆಯನ್ನು ಉಳಿಸಲಿಕ್ಕೋ, ಇವತ್ತಿಗೂ ನನಗೆ ತಿಳಿದಿಲ್ಲ.

ಮರುದಿನವೇ ಬಿಳಿ ಜೀಪು ಮೇಡ್ಲೇರಿಗೆ ಹೋಯಿತು. ಕೈಗವಸು ಹಾಕಿದವರು ನೀಲವ್ವನ ಕೊಟ್ಟಿಗೆಯ ಹುಲ್ಲು, ಹಿಂಡಿ, ಸಗಣಿ, ಹಾಲು ಎಲ್ಲ ಹೊಸದಾಗಿ ತುಂಬಿಕೊಂಡರು. ಊರು ನೋಡುತ್ತ ನಿಂತಿತು. ಅವತ್ತು ಸಂಜೆಗೇ ಡೇರಿಯವರು ನೀಲವ್ವನ ಹಾಲನ್ನು ಹಿಂದೆ ತಿರುಗಿಸಿ, ಸದ್ಯಕ್ಕ ಬ್ಯಾಡ ಅಂದರು. ಎರಡನೆಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಹಾಲು ಶುದ್ಧವಿದೆ ಅಂತ ಮೇಡಂ ಬರೆದುಕೊಟ್ಟರು. ಆ ಕಾಗದ ಒಯ್ದು ಕೊಟ್ಟವನೂ ನಾನೇ. "ಮೊದಲ ಇತ್ತಲ್ಲ, ಈಗ ಎಲ್ಲಿ ಹೋತು?" ಅಂತ ಡೇರಿಯವರು ಕೇಳಿದರು. ನಾನು ಕಾಗದ ಅಲ್ಲೇ ಇಟ್ಟು ನೀಲವ್ವನ ಮನೆಯತ್ತ ನಡೆದೆ.

ನೀಲವ್ವ ಕೊಟ್ಟಿಗೆಯ ಹಿಂದೆ ತುಂಬಿದ ಕೊಡ ಬಗ್ಗಿಸಿ ಹಾಲನ್ನು ಗಟಾರಕ್ಕೆ ಚೆಲ್ಲುತ್ತಿದ್ದಳು. ನನ್ನನ್ನು ಕಂಡು ಕೊಡ ಕೆಳಗಿಟ್ಟಳು. ತಮ್ಮಾ ಅನ್ನಲಿಲ್ಲ. "ಸಾಹೇಬ್ರ, ನನ್ನ ಎಮ್ಮಿ ಏನ್ ತಿಂದೈತಿ ಹೇಳ್ರಿ. ಮೊಮ್ಮಕ್ಕಳಿಗೂ ಇದ ಹಾಲು ಕುಡಿಸೇನಿ. ಗೌರಿನ್ನ ಸಂತಿಗೆ ಹೊಡದ್ರೂ ಯಾರೂ ಕೊಳ್ಳೂದಿಲ್ಲಂತ. ಖರೇ ಹೇಳ್ರಿ, ನಿಮಗ ಏನೋ ಗೊತ್ತೈತಿ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಸ್ಸಿಗೆ ಹೊತ್ತಾಯಿತು ಅಂದೆ. ಅಂಥ ನಾಚಿಕೆಗೇಡಿ ನಾನು.

ಮನೆಗೆ ಬಂದು ಆಪಾನನ್ನು ಕೇಳಿದೆ. "ಅವತ್ತು ನನ್ನ ಚೀಲ ಬಿಚ್ಚಿದ್ದೇನು?"

"ಬಿಚ್ಚಿದ್ದೆ. ನೀ ಜಳಕಕ್ಕ ಹೋಗಿದ್ದಿ. ದಿನಾ ಆ ವಿಷದ ಕೆಲಸದಾಗ ಇರ್ತೀದಿ, ನಿನಗ ಏನೂ ಆಗಬಾರ್ದಂತ ನೀರಿಗೆ ಓದಿ ಊದಿ, ಆ ನೀರಿಲೆ ಕ್ಯಾನ್ ಗಲಬರಿಸಿ ಇಟ್ಟೆ. ಯಾಕ?"

ನಾನು ಎಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ಆಪಾನ ಕೈ ಮೆಲ್ಲಗೆ ಬಾಯಿಗೆ ಬಂತು, ಅಲ್ಲೇ ನಿಂತಿತು. ಉಗುಳಿನಲ್ಲಿ ಆ ಅಯೋಡಿನ್ ಹೆಚ್ಚು ಇರುತ್ತದೆ ಅಂತ ಡಾಕ್ಟರು ಹೇಳಿದ್ದರು. ತಾಟು ಬೇರೆ ಇಟ್ಟಿದ್ದಳು, ಲೋಟ ಬೇರೆ ಇಟ್ಟಿದ್ದಳು, ಮಕ್ಕಳನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದ್ದಳು. ದುವಾದಲ್ಲಿ ಉಗುಳು ಇರುತ್ತದೆ ಅಂತ ಅವಳಿಗೆ ಹೊಳೆದಿರಲಿಲ್ಲ. ನನಗೂ ಹೊಳೆಯುತ್ತಿರಲಿಲ್ಲ ಬಿಡ್ರಿ.

ನಾನು ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಆ ಕ್ಯಾನು ತೊಳೆಸದೆ ಬೀಗ ಹಾಕಿಟ್ಟಿದ್ದೀನಿ. ಬರೀ ನೀರು ತುಂಬಿ ನೋಡ್ತೀನಿ" ಅಂದರು. ಸಂಜೆಗೆ ಅವರೇ ಫೋನ್ ಮಾಡಿದರು. ಆ ನೀರಿನಲ್ಲೂ ಅದೇ ಗುಡ್ಡ. ಎಮ್ಮೆಯದು ಏನೂ ಇರಲಿಲ್ಲ, ಎಲ್ಲ ನಮ್ಮ ಮನೆಯದು. "ನಿಮ್ಮ ಅಕ್ಕನ ಹೆಸರು ವರದಿಯಲ್ಲಿ ಬರಲ್ಲ. ನಿಮ್ಮ ಹೆಸರು ಬರುತ್ತೆ" ಅಂದರು. ಬರಲಿ ಅಂದೆ.

ಅಷ್ಟಕ್ಕೇ ಮುಗಿಯಿತು ಅಂತ ನಾನು ತಿಳಿದಿದ್ದೆ. ಆಪಾ ನಾಳೆಗೆ ಬುರ್ಖಾ ತೆಗೆದಿಡುತ್ತಿದ್ದಳು. "ಡಾಕ್ಟರ್ ಹೇಳಿದ ಮೂರು ವಾರ ನಿನ್ನೆಗೆ ಮುಗದಾವ. ನಾಳೆ ಮುಂಜಾನಿ ಮೊದಲ ಬಸ್ಸಿಗೆ ನಡಿ."

"ನಿನ್ನ ಆಣಿ ಏನಾತು? ಓಣಿಗೆಲ್ಲ ಗೊತ್ತಾಗ್ತೈತಿ ಆಪಾ."

"ಗೊತ್ತಾಗ್ಲಿ. ಆಕಿ ಹಾಲು ಗಟಾರಕ್ಕ ಹೊಂಟೈತಿ, ನಾ ಇಲ್ಲಿ ಬಾಯಿ ಮುಚ್ಚಿಕೊಂಡು ನಮಾಜ್ ಮಾಡ್ಲೇನು?"

ಬೆಳಗಿನ ಡೇರಿ. ಹಾಲಿನ ಪಾತ್ರೆ ಹಿಡಿದು ಸಾಲಾಗಿ ನಿಂತ ಜನ. ನೀಲವ್ವನನ್ನೂ ಕರೆಸಿದೆವು. ಆಪಾ ಮುಖದ ಪರದೆ ಸರಿಸಿ, ಕೊರಳ ಮೇಲಿನ ಕೊಯ್ದ ಗಾಯ ತೋರಿಸಿದಳು. ಜೀವಮಾನದಲ್ಲಿ ಪರ ಗಂಡಸರ ಮುಂದೆ ಕೊರಳು ತೋರಿಸಿದವಳಲ್ಲ. "ಇದಕ್ಕ ಕೊಟ್ಟ ಔಷಧ ನನ್ನ ಬಾಯಾಗಿತ್ತು. ನಾ ಕ್ಯಾನಿಗೆ ಊದೀನಿ. ಈಕಿ ಎಮ್ಮಿದು ಏನೂ ತಪ್ಪಿಲ್ಲ, ಈಕೀದೂ ಇಲ್ಲ" ಅಂದಳು. ಆಮೇಲೆ ನೀಲವ್ವನ ಕೊಡದಿಂದ ಒಂದು ಲೋಟ ಹಾಲು ಬಗ್ಗಿಸಿಕೊಂಡು, ಎಲ್ಲರೂ ನೋಡುವಾಗಲೇ ಗಟಗಟ ಕುಡಿದಳು. ಅಳತೆ ಮಾಡುವವನು ತಲೆ ತಗ್ಗಿಸಿ, "ನೀಲವ್ವಾ, ಕೊಡ ತಾ ಇಲ್ಲಿ" ಅಂದ. ನೀಲವ್ವ ನನ್ನತ್ತ ನೋಡಲಿಲ್ಲ. ಆಪಾನ ಪರದೆಯನ್ನು ತಾನೇ ಎಳೆದು ಸರಿ ಮಾಡಿದಳು.

ನನ್ನನ್ನು ಸ್ಯಾಂಪಲ್ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು. ತಕರಾರಿಲ್ಲ, ಅಲ್ಲಿಂದಲೇ ನಿವೃತ್ತನಾಗಿ ಮನೆಗೆ ಬಂದೆ. ಆಪಾನದು ಹಾಗಲ್ಲ. ಸಂಜೆ ಕೂಸುಗಳು ಬರುವುದು ನಿಂತಿತು. ಓದುವ ಹುಡುಗಿಯರು ವರ್ಷದ ಮೇಲೆ ಒಬ್ಬೊಬ್ಬರಾಗಿ ಮರಳಿದರು, ಆದರೆ ಆಪಾ ಊದುವುದನ್ನೇ ಬಿಟ್ಟಳು. ನಾನು ಊರಿಗೆ ಹೊರಟರೂ ಬಾಯಿ ಬಿಗಿಹಿಡಿದು ದುವಾ ಮಾಡುವಳು, ತುಟಿ ಅಲುಗಾಡುವುದೂ ಕಾಣುವುದಿಲ್ಲ. ಅವಳ ರೋಗ ಪೂರ್ತಿ ಗುಣವಾಗಿದೆ, ವರ್ಷಕ್ಕೊಮ್ಮೆ ತೋರಿಸಿ ಬರುತ್ತೇವೆ.

ಇವತ್ತು ಬೆಳಿಗ್ಗೆ ನೀಲವ್ವ ಬಂದಿದ್ದಳು. ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಬಂದಾಗ ನಮಗೆ ಹಾಲು ಕೊಟ್ಟೇ ಹೋಗುತ್ತಾಳೆ, ಆ ದಿನ ನಮ್ಮ ಮನೆಗೆ ಬೇರೆ ಹಾಲು ಬರುವುದಿಲ್ಲ. ನಾನು ಹಾಲು ಕಾಯಿಸಲಿಕ್ಕೆ ಇಟ್ಟೆ. ಪಡಸಾಲೆಯಲ್ಲಿ ಅವಳು ತಂಬಿಗೆಯೊಂದನ್ನು ಆಪಾನ ಮುಂದಿಟ್ಟಳು.

"ಗೌರಿ ಮಗಳು ಈದೈತಿ. ಕರ ಮೊಲಿ ಬಾಯಾಗ ಹಿಡೀವಲ್ದು, ಎರಡು ದಿನ ಆತು. ಈ ನೀರಿಗೆ ಊದ್ರಿ ಬೂಬಮ್ಮಾ."

"ನಾ ಊದೂದು ಬಿಟ್ಟೇನಿ ನೀಲವ್ವಾ. ನಿನಗ ಗೊತ್ತಿಲ್ಲೇನು?"

"ನನಗ ಗೊತ್ತಿಲ್ದ ಮತ್ಯಾರಿಗೆ ಗೊತ್ತಿರ್ತೈತ್ರಿ? ಗೊತ್ತಿದ್ದ ಬಂದೇನಿ. ಊದ್ರಿ."

ಆಪಾ ಅಡಿಗೆಮನೆಯ ಕಡೆ ತಿರುಗಿ ನನ್ನನ್ನು ನೋಡಿದಳು. "ಬಾಬು, ನನ್ನ ಬಾಯಾಗ ಏನೂ ಉಳದಿಲ್ಲಲ್ಲ?"

"ಏನೂ ಉಳದಿಲ್ಲ ಆಪಾ" ಅಂದೆ.

ಆಪಾ ತಂಬಿಗೆ ಎತ್ತಿಕೊಂಡಳು. ತುಟಿಗಳು ಅಲುಗಿದವು. ಮೊದಲ ಸಲ ಊದಿದ್ದು ನೀರಿಗೆ ಮುಟ್ಟಿತೋ ಇಲ್ಲವೋ. "ಜೋರಾಗಿ ಊದ್ರಿ, ಮೇಡ್ಲೇರಿ ತನಕ ಹೋಗಬೇಕದು" ಅಂದಳು ನೀಲವ್ವ. ನನ್ನ ಹಿಂದೆ ಹಾಲು ಉಕ್ಕಿ ಚುಂಯ್ ಅಂದಿತು. ಆಪಾ ಮೂರನೆಯ ಸಲ ಊದುವ ತನಕ ನಾನು ಒಲೆಯ ಕಡೆ ತಿರುಗಲಿಲ್ಲ.