ಹರಸಲಿ, ಭಾಷಣ ಬೇಡ

ಹುಣಸೂರು ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಅತಿಥಿ ಶಿಕ್ಷಕಿ. ಹೋದ ಸಲದ ವಿಜ್ಞಾನ ದಿನಕ್ಕೆ, ನಮ್ಮ ಹೆಣ್ಣುಮಕ್ಕಳಿಗೆ ಮಾದರಿಯಾಗಲಿ ಎಂದು ಒಬ್ಬ ಇಂಜಿನಿಯರನ್ನು ಕರೆದೆ. ಭೇರ್ಯದ ಕಡೆಯವರು. ಮೈಸೂರಿನಲ್ಲಿ ಪಂಪ್‌ಸೆಟ್ಟಿನ ಪ್ಯಾನಲ್ ಬೋರ್ಡು ವಿನ್ಯಾಸ ಮಾಡುತ್ತಾರೆ. ಟ್ರಾನ್ಸ್‌ಜೆಂಡರ್ ಮಹಿಳೆ. ಇದು ಗೊತ್ತಾದ ಮೇಲೆ ಶಾಲಾ ಸಮಿತಿಯವರು ವಾರವಿಡೀ ನನ್ನ ತಲೆ ತಿಂದರು.

"ಹೆಣ್ಣಾಗಿ ಹುಟ್ಟಿದೋರು ಒಬ್ರೂ ಸಿಗ್ನಿಲ್ವಾ ಮೇಡಂ ನಿಮ್ಗೆ?" ಎಂದರು ಶಾಲಾ ಸಮಿತಿಯ ಅಧ್ಯಕ್ಷರು.

"ಅವರನ್ನೂ ಕರೆಯೋಣ. ಮೊದಲು ಇವರು ಮಾಡೋ ಕೆಲಸ ನೋಡಿ ಸಾರ್."

"ಕೆಲ್ಸ ಅಂಗಿರ್ಲಿ ಬುಡಿ. ಬರ್ಲಿ, ಮಕ್ಳ ತಲೆ ಮೇಲೆ ಕೈಯಿಟ್ಟು ಅರಸ್ಲಿ, ಒಳ್ಳೇದೇ ಕಣ್ರೀ. ಭಾಷ್ಣ ಬ್ಯಾಡ."

ಹೊಸ ಅಂಗಡಿಗೂ ಹುಟ್ಟಿದ ಮಗುವಿಗೂ ಟ್ರಾನ್ಸ್‌ಜೆಂಡರ್ ಮಹಿಳೆಯರಿಂದಲೇ ದೃಷ್ಟಿ ತೆಗೆಸುವ ಊರು ಇದು. ಅದೇ ಕೈ ಸೀಮೆಸುಣ್ಣ ಹಿಡಿದರೆ ಮಾತ್ರ ಮಕ್ಕಳು ಕೆಡುತ್ತಾರಂತೆ!

ವಿಜ್ಞಾನ ದಿನದಂದು ಇಂಜಿನಿಯರು ಅತಿಥಿಯಾಗಿ ಬಂದು ಕುಳಿತ ಮೇಲೂ ಶಾಮಿಯಾನದ ಪಕ್ಕ ಅಧ್ಯಕ್ಷರಿಗೂ ನನಗೂ ಜಗಳ ನಡೆದೇ ಇತ್ತು. ಮೈಕ್ ಸೆಟ್ಟಿನ ಕರೆಂಟ್ ವಯರನ್ನು ಶಾಮಿಯಾನದ ಕಬ್ಬಿಣದ ಕಂಬಕ್ಕೆ ಸುತ್ತಿದ್ದರು. ನಾನೂ ನೋಡಿದ್ದೆ, ಸುಮ್ಮನಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಕಂಬ ಹಿಡಿದಳು. ಹಿಡಿದ ಕೈ ಬಿಡಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಎಳೆಯಲು ಓಡಿದೆ. ಬಿ.ಎಸ್ಸಿ. ಓದಿದ ನಾನು, ಬರಿಗೈಯಲ್ಲಿ.

"ಮುಟ್ಬೇಡಿ!"

ಅತಿಥಿ ನನ್ನನ್ನು ಹಿಂದಕ್ಕೆ ತಳ್ಳಿ, ತಾವು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯಿಂದ ಅವಳ ಕೈಗೆ ಹೊಡೆದು ಬಿಡಿಸಿದರು. ಆಮೇಲೆ ಓಡಿ ಫ್ಯೂಸ್ ಕಿತ್ತರು. ಹುಡುಗಿಯ ಅಂಗೈ ಸುಟ್ಟಿತ್ತು, ಉಸಿರಾಡುತ್ತಿದ್ದಳು. ಹೆಡ್‌ಮಾಸ್ಟರು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅವಳು ಈಗ ದಿನಾ ಶಾಲೆಗೆ ಬರುತ್ತಾಳೆ. ಆದರೂ ಸ್ವಿಚ್ ಒತ್ತುವಾಗಲೆಲ್ಲ ಆ ತೆರೆದ ಬಾಯಿ ನನಗೆ ಕಾಣುತ್ತದೆ.

ಅಧ್ಯಕ್ಷರು ಅತಿಥಿಗೆ ಕೈಮುಗಿದರು. "ನಿಮ್ ಕೈಲಿ ದೇವ್ರ ಸಕ್ತಿ ಅದೆ ಕಣವ್ವ!"

"ಸಕ್ತಿ ಅಲ್ಲ ಕಣಣ್ಣ, ಪ್ಲಾಸ್ಟಿಕ್ಕು. ಅದ್ರಲ್ಲಿ ಕರೆಂಟು ಹರಿಯಲ್ಲ. ಈ ವಯರ್ ಕಟ್ಸಿದ್ದು ಯಾರು?"

ಅಧ್ಯಕ್ಷರು ಮೈಕಿನವನ ಮುಖ ನೋಡಿದರು, ಮೈಕಿನವನು ಅಧ್ಯಕ್ಷರ ಮುಖ.

ಅತಿಥಿ ಕಂಬದ ಬುಡದಲ್ಲೇ ಕುಳಿತರು. "ಬನ್ರವ್ವ ಇತ್ಲಾಗೆ. ವಯರಿನ ಸಿಪ್ಪೆ ಎಲ್ಲಿ ಕಿತ್ತೋಗ್ಯದೆ, ನೀವೇ ಹುಡ್ಕಿ ಹೇಳಿ."

ಹುಡುಗಿಯರು ಸುತ್ತ ಮುತ್ತಿಕೊಂಡರು. ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಂದರು. "ಮೇಡಂ, ಭಾಷ್ಣ ಬ್ಯಾಡ ಅಂದಿದ್ನಲ್ಲ?"

"ಸಾರ್, ಒಂದು ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೇಳಿ" ಎಂದೆ.

ಅಧ್ಯಕ್ಷರು ಕೂರಲಿಲ್ಲ. ಕಂಬಕ್ಕೆ ತಗುಲದಂತೆ ನಿಂತು ಕೇಳಿದರು.