‘ಊರಂದು’ ಅಂದ ಯಮನವ್ವ

ನಮ್ಮತ್ತಿ ಯಮನವ್ವ ಒಂದ ಕಡೆ ಕುಂದ್ರಾಕಿ ಅಲ್ಲ. ಸೊಸಿ ನಾ, ಸುಳ್ಳ ಯಾಕ ಹೇಳ್ಲಿ? ಮಗ್ಗದ ಕುಣಿಯಾಗ ಕಾಲ ಇಳಿಬಿಟ್ರಷ್ಟ ಆಕಿ ಕುಂತಾಳಂತ ಲೆಕ್ಕ.

ನಮ್ಮದು ಇಳಕಲ್ಲ ಕಡೆ ನಲವತ್ತ ಮನಿ ನೇಕಾರರ ಊರು. ಮನಿಗಳ ಮುಂದ ಉದ್ದಕ ಒಂದ ಬಯಲು. ಸೀರಿ ಹಾಸಿನ ಉದ್ದನ್ನ ಎಳಿ ಎಳದ ಕಟ್ಟಿ, ಗಂಜಿ ಹಚ್ಚಿ ಒಣಗಸೂದು ಅಲ್ಲೇ. ಆ ಬಯಲ ಇಲ್ಲಂದ್ರ ಮಗ್ಗಿಲ್ಲ.

ಎಪ್ಪತ್ನಾಕರಾಗ ನಮ್ಮೂರನ್ನ ಪ್ಯಾಟಿ ಪುರಸಭಾದಾಗ ಸೇರಿಸಿದ್ರು. ನಳ ಬರ್ತೈತಿ, ಲೈಟ್ ಬರ್ತೈತಿ ಅಂತ ಗಂಡಸರು ಪೇಢೆ ಹಂಚಿದ್ದೇ ಹಂಚಿದ್ದು! ಮುಂದಿನ ತಿಂಗಳ ಜಾಗಾ ಅಳಿಯಾಕ ಪುರಸಭಾ ಕಾರಕೂನ ಬಂದ.

“ಯವ್ವಾ, ಈ ಬಯಲ ಯಾರದು?”

ಗಂಜಿ ಕುಂಚ ಹಿಡದ ನಿಂತಿದ್ದ ಅತ್ತಿ, “ಒಬ್ಬರದಲ್ಲೋ ಯಪ್ಪಾ, ಊರಂದು” ಅಂದ್ಲು. ಬರಕೊಂಡ, ಹೆಬ್ಬಟ್ಟ ಒತ್ತಿಸಿಕೊಂಡ, ಹೋದ.

ಅತ್ತಿಗೆ ಊರಂದ್ರ ನಲವತ್ತ ಮನಿ. ಆದ್ರ ಆ ಊರು ಕಾಗದದಾಗ ಆಗಲೇ ಇರಲಿಲ್ಲ. ಊರಂದ್ರ ಪುರಸಭಾ! ನಮಗೇನ ಗೊತ್ತು, ಹಾಳಾದ್ದು.

ನಾಕ ವರ್ಷಕ್ಕ ಬಯಲಾಗ ಕಲ್ಲ ಬಂದ ಬಿದ್ವು. ಮಳಿಗಿ ಕಟ್ತಾರಂತ. ಅತ್ತಿ ಸೆರಗ ಬಿಗದ ಕಲ್ಲಿಗೆ ಅಡ್ಡ ನಿಂತ್ಲು, ಬಸ್ ಹತ್ತಿ ಹುನಗುಂದ ತಾಲೂಕ ಕಚೇರಿಗೆ ಎಡತಾಕಿದ್ಲು. ಅಲ್ಲಿ ಸಾಹೇಬ ಕಾಗದ ತೋರಿಸಿ, “ಊರಂದು ಅಂತ ನೀವ ಹೇಳೀರಲ್ಲವ್ವಾ” ಅಂದ.

ಅವತ್ತಿಂದ ಆಕಿಗೆ ನಿಂತಲ್ಲಿ ನಿಲ್ಲಾಕ ಆಗಲಿಲ್ಲ. ಮಳಿಗಿ ಗ್ವಾಡಿ ಸುತ್ತ ತಿರಗೂದು, ಮನಿಗೆ ಬರೂದು, ಮತ್ತ ಹೋಗೂದು. ಸಿಕ್ಕವರ ಕೈ ಹಿಡದು, “ನಾ ಹಂಗ ಅಂದಿಲ್ಲೋ” ಅನ್ನೂದು. “ಸಾಕ ಬಿಡ ಅತ್ತಿ, ಮಂದಿ ನಗ್ತಾರ” ಅಂತ ನಾ ಗದರಿಸೇನಿ. ಬಯಲ ಹೋದ ಮ್ಯಾಲ ಸಂದ್ಯಾಗ ಕಟ್ಟಿದ ಹಾಸು ಮಂದಿ ಕಾಲಿಗೆ ಸಿಕ್ಕು ಹರಿತಿತ್ತು. ಒಂದೊಂದ ಮನಿ ಮಗ್ಗ ನಿಂತ್ವು. ನನ್ನ ಗಂಡ ಹುಚ್ಚಪ್ಪ ಪ್ಯಾಟ್ಯಾಗ ಪಾವರಲೂಮಿಗೆ ಹೋದ. ನಳ ಬಂತು, ಖರೆ. ಊರ ಹೆಸರ ಹೋಗಿ ವಾರ್ಡ ಹನ್ನೊಂದಾತು.

ಎಂಬತ್ತೈದರಾಗ ಸರಕಾರದಿಂದ ಮಗ್ಗ ಎಣಿಸಾಕ ಒಬ್ಬಾಕಿ ವಹಿ ಹಿಡಕೊಂಡ ಬಂದ್ಲು.

“ಈ ಮಗ್ಗ ಯಾರದ್ರಿ?”

ಅತ್ತಿ ಧಡಕ್ಕನ ಎದ್ದು ಓಡಿ, ಕುಣಿಯಾಗ ಇಳದು, ಎರಡೂ ಕೈಲೆ ಮಗ್ಗ ಅವುಚಿ ಕುಂತ್ಲು.

“ನಂದು. ಬರಕೋ, ಯಮನವ್ವಂದು. ಊರಂದಲ್ಲ!”

ಆ ಮಗ್ಗಕ್ಕ ಹಾಸು ಏರಿಸಿ ಎರಡ ವರ್ಷ ಆಗಿತ್ತು.